ಮೂರು ಗಂಟೆಗೊಮ್ಮೆ

ಮೂವತ್ತಾರು ವರ್ಷ ನಿಂತುಕೊಂಡೇ ಕೆಲಸ ಮಾಡಿದವಳ ಕಾಲು ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಗಡಿಯಾರದಕ್ಕ ಪಾಳಿ ಮುಗಿಸಿ ಬಂದು ಬೂಟು ಬಿಚ್ಚುವಾಗ ನೋಡಬೇಕಿತ್ತು. ಪಾದ ಊದಿ, ಕಾಲುಚೀಲದ ಗೆರೆ ಮಾಂಸದೊಳಗೆ ಇಳಿದಿರುತ್ತಿತ್ತು. ಮೀನಖಂಡದ ಮೇಲೆ ನೀಲಿ ನರಗಳು ಗಂಟುಗಂಟಾಗಿ ಎದ್ದಿರುತ್ತಿದ್ದವು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಇನ್ನಾರದೋ ಕಾಲು ನೋಡುವವಳ ಹಾಗೆ ಅವನ್ನು ಸ್ವಲ್ಪ ಹೊತ್ತು ನೋಡುತ್ತಿದ್ದಳು. ಆಮೇಲೆ "ಆಯ್ತು, ಏಳ್ರಪ್ಪ" ಅಂತ ಕಾಲುಗಳಿಗೇ ಹೇಳಿ ಅಡುಗೆಮನೆಗೆ ಹೋಗುತ್ತಿದ್ದಳು.

ಆ ಅಡ್ಡಹೆಸರು ಬಂದದ್ದು ಎದೆಯ ಮೇಲಿನ ಗಡಿಯಾರದಿಂದ. ಹೆರಿಗೆ ಮಾಡಿಸುವವರು ಮೊಣಕೈವರೆಗೂ ತೊಳೆಯಬೇಕು, ಮಣಿಕಟ್ಟಿಗೆ ಏನೂ ಕಟ್ಟುವಂತಿಲ್ಲ. ಹಾಗಾಗಿ ಅವಳ ಗಡಿಯಾರ ಕೋಟಿಗೆ ಪಿನ್ನು ಹಾಕಿಕೊಂಡು ತಲೆಕೆಳಗಾಗಿ ನೇತಾಡುತ್ತಿತ್ತು. ಅವಳಿಗೆ ಯಾವ ಮಾತಿಗೂ ಗಂಟೆ ಬೇಕು. ನೀರು ಹೋಗಿದ್ದು ಎಷ್ಟು ಗಂಟೆಗೆ? ಮಗು ಉಚ್ಚೆ ಹೊಯ್ದದ್ದು ಎಷ್ಟು ಗಂಟೆಗೆ? ಎಲ್ಲಕ್ಕಿಂತ ಮೇಲೆ, ಹಾಲು ಕುಡಿದು ಎಷ್ಟು ಹೊತ್ತಾಯಿತು? "ಬೆಳಿಗ್ಗೆ ಯಾವಾಗಲೋ" ಅಂದವರ ಗ್ರಹಚಾರ ನೆಟ್ಟಗಿರುತ್ತಿರಲಿಲ್ಲ. "ಯಾವಾಗಲೋ ಅನ್ನೋ ಗಂಟೆ ನನ್ನ ಗಡಿಯಾರದಲ್ಲಿಲ್ಲ" ಅನ್ನುತ್ತಿದ್ದಳು. ಎದುರಿಗೆ ಎಲ್ಲರೂ 'ಅಕ್ಕಾ' ಅನ್ನುತ್ತಿದ್ದರು, ಬೆನ್ನ ಹಿಂದೆ ಗಡಿಯಾರದಕ್ಕ. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆ ಹೆರಿಗೆ ಆಸ್ಪತ್ರೆಯಲ್ಲಿ ಅವಳೇ ಹುಟ್ಟುಹಾಕಿದ ಇನ್ನೊಂದು ಪದ್ಧತಿ ಗುರುವಾರದ ಕೂಟ. ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಸೂಲಗಿತ್ತಿಯರೆಲ್ಲ ಮಹಡಿಯ ಮೇಲಿನ ಬಟ್ಟೆ ಕೋಣೆಯಲ್ಲಿ ಸೇರುತ್ತಿದ್ದರು. ಲಾಂಡ್ರಿಯಿಂದ ಬಂದ ಕೂಸುಬಟ್ಟೆಗಳ ರಾಶಿ ನಡುವೆ ಬಿದ್ದಿರುತ್ತಿತ್ತು. ಕೈ ಬಟ್ಟೆ ಮಡಿಸುತ್ತ ಇರಬೇಕು, ಒಬ್ಬಳು ತಾನು ಕಂಡ ವಿಚಿತ್ರ ಹೆರಿಗೆಯನ್ನೋ ಕೈತಪ್ಪಿದ ಕೆಲಸವನ್ನೋ ಹೇಳಬೇಕು, ಉಳಿದವರು ಕೇಳಬೇಕು. ನಿಯಮ ಎರಡೇ. ಕೇಸು ಹೇಳುವವಳು 'ನಾನು' ಅಂತಲೇ ಶುರು ಮಾಡಬೇಕು. 'ಯಾರೋ ಒಬ್ಬರು', 'ವಾರ್ಡಿನಲ್ಲಿ ಹೀಗಾಯ್ತು' ಅಂತ ಜಾರಿಕೊಳ್ಳುವ ಹಾಗಿಲ್ಲ. ಹೇಳಿ ಮುಗಿಸಿದ ಮೇಲೆ ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವಳು ಒಂದೇ ಪ್ರಶ್ನೆ ಕೇಳಬೇಕು: ಮುಂದಿನ ಸಲ ಏನು ಮಾಡ್ತೀರಿ? ಅದಕ್ಕೆ ಉತ್ತರ ಕೊಟ್ಟರೆ ಆಯಿತು, ಅಲ್ಲಿಗೆ ಮುಗಿಯಿತು, ಹೊರಗೆ ಯಾರೂ ಅದನ್ನು ಎತ್ತಿ ಆಡಿಕೊಳ್ಳುವಂತಿಲ್ಲ.

ಗಡಿಯಾರದಕ್ಕನ ಕೇಸುಗಳೆಂದರೆ ಮಡಿಸುವ ಕೈಗಳು ನಿಂತುಹೋಗುತ್ತಿದ್ದವು. ನೀರಿನ ಚೀಲ ಒಡೆಯದೆ ಪೊರೆಯೊಳಗೇ ಹುಟ್ಟಿದ ಮಗುವಿನ ಕಥೆಯನ್ನು ಅವಳು ಇಪ್ಪತ್ತು ಸಲವಾದರೂ ಹೇಳಿದ್ದಳು. ಗಾಜಿನಂಥ ಚೀಲ, ಅದರೊಳಗೆ ಕಣ್ಣು ಮುಚ್ಚಿ ಬೆರಳು ಚೀಪುತ್ತಿರುವ ಕೂಸು, ಅವಳು ಉಗುರಿನಿಂದ ಪೊರೆ ಹರಿದದ್ದು. ತಲೆಯ ಪಕ್ಕ ಕೈ ಚಾಚಿಕೊಂಡು ಬಂದ ಇನ್ನೊಂದು ಮಗು ಇತ್ತು. ಅದರ ಕಿರುಬೆರಳನ್ನು ಮೆಲ್ಲಗೆ ಚಿವುಟಿದಳಂತೆ, ಅದು ಕೋಪ ಬಂದು ಕೈ ಒಳಗೆಳೆದುಕೊಂಡಿತಂತೆ. "ಹುಟ್ಟೋಕೆ ಮುಂಚೆನೇ ನನ್ನ ಹತ್ರ ಏಟು ತಿಂದ ಮಹಾರಾಯ ಅವನೊಬ್ಬನೇ" ಅನ್ನುತ್ತಿದ್ದಳು. ಹೊಕ್ಕುಳಬಳ್ಳಿಯಲ್ಲಿ ನಿಜವಾದ ಗಂಟು ಬಿದ್ದಿದ್ದ ಕೂಸು, ಬಾಯಲ್ಲಿ ಹಲ್ಲು ಇಟ್ಟುಕೊಂಡೇ ಬಂದ ಕೂಸು, ಎಲ್ಲದಕ್ಕೂ ಅವಳ ಹತ್ತಿರ ಕಥೆಯಿತ್ತು. ಅವಳ ಕೇಸುಗಳೂ 'ನಾನು' ಅಂತಲೇ ಶುರುವಾಗುತ್ತಿದ್ದವು, ಆದರೆ ಎಲ್ಲದರಲ್ಲೂ ಕೊನೆಗೆ ಗೆಲ್ಲುತ್ತಿದ್ದದ್ದು ಆ 'ನಾನು'ವೇ. ಅದನ್ನು ಅವಳ ಮುಖದ ಮೇಲೆ ಹೇಳುವ ಗಂಡೆದೆ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಬೇರೆಯವರ ಕೇಸುಗಳಲ್ಲಿ ಮಾತ್ರ ಅವಳು ನೀರಿಳಿಸಿಬಿಡುತ್ತಿದ್ದಳು. ಎರಡು ವರ್ಷದ ಹಿಂದೆ ಹೊಸದಾಗಿ ಸೇರಿದ್ದ ಒಬ್ಬ ಸಣ್ಣಗಿನ ಹುಡುಗಿ, ಎಲ್ಲರೂ ಗುಬ್ಬಿ ಅನ್ನುತ್ತಿದ್ದವಳು, ವಾರ್ಡಿನಲ್ಲಿ ಒಂದು ಕೂಸನ್ನು ನೋಡಿ "ಎಷ್ಟು ಒಳ್ಳೇ ಮಗು, ಅಳೋದೇ ಇಲ್ಲ" ಅಂದಿದ್ದಳು. ಕೂಸಿಗೇನೂ ಆಗಲಿಲ್ಲ. ಆದರೂ ಗುರುವಾರ ಅವಳನ್ನು ಎಬ್ಬಿಸಿ ನಿಲ್ಲಿಸಿ ಗಡಿಯಾರದಕ್ಕ ಅರ್ಧ ಗಂಟೆ ಬೆವರಿಳಿಸಿದಳು. "ದಿನ ತುಂಬಿದ ಮಗು ಹಸಿವಾದ್ರೆ ಅಳುತ್ತೆ. ಮೂರ್ನಾಲ್ಕು ವಾರ ಮುಂಚೆ ಬಂದ ಸಣ್ಣ ಮಗೂಗೆ ಅಳೋಕೂ ತ್ರಾಣ ಇರಲ್ಲ. ಹಾಲು ಕುಡೀದೆ ನಿದ್ದೆ ಮಾಡುತ್ತೆ, ನಿದ್ದೆ ಮಾಡಿ ಮಾಡಿ ಹಾಲು ಕುಡಿಯೋದೇ ಮರೆಯುತ್ತೆ. ಅದು ಒಳ್ಳೇತನ ಅಲ್ಲ, ಜೀವ ಆರ್ತಾ ಇರೋದು. ಮೂರು ಗಂಟೆಗೊಮ್ಮೆ ಎಬ್ಬಿಸ್ಬೇಕು. ಅಳದ ಮಗೂನ ಹೊಗಳೋಳು ಸೂಲಗಿತ್ತಿ ಅಲ್ಲ, ನೆಂಟ್ರು." ಗುಬ್ಬಿ ಮಡಿಸಿದ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡಳು. ಆ ಬಟ್ಟೆಯನ್ನು ಮತ್ತೆ ಒಗೆಯಲು ಹಾಕಿಸಿದಳು ಗಡಿಯಾರದಕ್ಕ.

ಇಂಥವಳ ಮಗಳು ಬಸುರಿಯಾಗಿ, ಹೆರಿಗೆಗೆ ಅಮ್ಮನ ಮನೆಗೇ ಬಂದಳು. ಅಮ್ಮನಿಗೆ ನಿವೃತ್ತಿಗೆ ಇನ್ನೊಂದು ತಿಂಗಳಿತ್ತು. ಆ ವರ್ಷ ಇಬ್ಬರು ಕೆಲಸ ಬಿಟ್ಟು ಹೋಗಿದ್ದರು, ಅವರ ಪಾಳಿಯೂ ಇವಳ ತಲೆಗೇ ಬಂದಿತ್ತು. ಐದು ತಿಂಗಳಿಂದ ಅವಳು ಸರಿಯಾಗಿ ನಿದ್ದೆ ಮಾಡಿದ್ದೇ ಇಲ್ಲ. ಊಟದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು. ಬೆರಳುಗಳು ಬೆಳಿಗ್ಗೆ ಮಡಿಸಲು ಬರುತ್ತಿರಲಿಲ್ಲ. "ಇನ್ನೊಂದು ತಿಂಗಳು ತಾನೆ" ಅಂತ ದಿನಾ ಹೇಳಿಕೊಂಡೇ ಮನೆಯಿಂದ ಹೊರಡುತ್ತಿದ್ದಳು.

ಮಗಳಿಗೆ ದಿನ ತುಂಬಲು ಇನ್ನೂ ಮೂರೂವರೆ ವಾರ ಇರುವಾಗಲೇ ನೋವು ಬಂತು. ಹೆಣ್ಣುಮಗು, ಎರಡು ಕಿಲೋ ಮುನ್ನೂರು ಗ್ರಾಂ. ವಿಚಿತ್ರವಾದದ್ದೇನೂ ಇರಲಿಲ್ಲ, ಸಲೀಸಾದ ಹೆರಿಗೆ. ಸ್ವಂತದವರ ಹೆರಿಗೆಗೆ ಕೈ ಹಾಕಬಾರದೆಂಬ ನಿಯಮ ಇದ್ದದ್ದರಿಂದ ಗಡಿಯಾರದಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮೂವತ್ತಾರು ವರ್ಷದಲ್ಲಿ ಅವಳು ಆ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು. ಕೂತ ಮೇಲೆ ಏಳುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು.

ಎರಡು ದಿನ ವಾರ್ಡಿನವರು ಕೂಸನ್ನು ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲು ಕುಡಿಸಿದರು. ಮನೆಗೆ ಕಳಿಸುವಾಗ ಪ್ರತಿ ಬಾಣಂತಿಯನ್ನೂ ಕೂರಿಸಿಕೊಂಡು ಹತ್ತು ನಿಮಿಷ ಹೇಳುವುದು ಅಲ್ಲಿಯ ಕ್ರಮ: ಇಷ್ಟು ಹೊತ್ತಿಗೆ ಎಬ್ಬಿಸಿ, ಹೀಗೆ ಎಬ್ಬಿಸಿ, ಇಂಥದ್ದು ಕಂಡರೆ ಓಡಿ ಬನ್ನಿ. ಆ ದಿನ ಚೀಟಿ ಬರೆಯುತ್ತಿದ್ದ ಸಿಸ್ಟರ್ ತಲೆಯೆತ್ತಿ ನೋಡಿ ನಕ್ಕಳು. "ನಿಮ್ಮ ಮನೆಗೆ ನಾನೇನು ಹೇಳ್ಲಿ ಅಕ್ಕಾ? ನನಗೆ ಹೇಳಿಕೊಟ್ಟೋರೇ ನೀವು!" ಗಡಿಯಾರದಕ್ಕನೂ ನಕ್ಕು ಚೀಟಿ ಮಡಿಸಿ ಚೀಲಕ್ಕೆ ಹಾಕಿದಳು. ಆ ವಾರ್ಡಿನಿಂದ ಏನೂ ಹೇಳಿಸಿಕೊಳ್ಳದೆ ಮನೆಗೆ ಹೋದ ಬಾಣಂತಿ ಅವಳ ಮಗಳೊಬ್ಬಳೇ. ಅದು ಆಗ ಯಾರಿಗೂ ಹೊಳೆಯಲಿಲ್ಲ.

ಮನೆಗೆ ಬಂದು ಗಡಿಯಾರದಕ್ಕ ಕೋಟು ಕಳಚಿ, ಗಡಿಯಾರ ಬಿಚ್ಚಿ ಮೇಜಿನ ಡ್ರಾಯರಿನಲ್ಲಿ ಹಾಕಿದಳು. "ಇನ್ನು ಹತ್ತು ದಿನ ರಜಾ. ಹತ್ತು ದಿನ ನಾನು ಸಿಸ್ಟರಲ್ಲ, ಬರೀ ಅಜ್ಜಿ" ಅಂದಳು. ಅಳಿಯ ಹಗಲು ಪಾಳಿಗೆ ಹೋಗುತ್ತಿದ್ದ. ಮನೆಯಲ್ಲಿ ತಾಯಿ, ಮಗಳು, ಕೂಸು. ಎಷ್ಟು ಮುದ್ದಾದ ಕೂಸು! ಇಟ್ಟಲ್ಲಿ ಇರುತ್ತಿತ್ತು. ಕಿಟಕಿಯ ಪರದೆ ಇಳಿಸಿ, ಕೂಸನ್ನು ಎದೆಯ ಮೇಲೆ ಮಲಗಿಸಿಕೊಂಡು ಗಡಿಯಾರದಕ್ಕ ಹಗಲು ಹೊತ್ತಿನಲ್ಲೇ ಗಾಢವಾಗಿ ನಿದ್ದೆ ಹೋದಳು. ಐದು ತಿಂಗಳ ನಿದ್ದೆ ಅದು.

ಮಗಳು ಎರಡು ಸಲ ಕೇಳಿದಳು. ಮೊದಲನೆಯ ದಿನ ಸಂಜೆ, "ಅಮ್ಮಾ, ಇವಳು ಏಳೋದೇ ಇಲ್ವಲ್ಲ, ಸರೀನಾ?" ಅಂದಳು. "ಪುಣ್ಯ ಮಾಡಿದ್ದೀಯ ಕಣೇ, ನೀನು ಹುಟ್ಟಿದಾಗ ಓಣಿಯೆಲ್ಲ ಎದ್ದಿತ್ತು" ಅಂದಳು ಅಮ್ಮ. ಮಾರನೆಯ ದಿನ ಮತ್ತೆ, "ಎದೆ ಕಟ್ಕೊಂಡು ನೋವು ಬರ್ತಿದೆ ಅಮ್ಮಾ, ಇವಳು ಎರಡು ಸಲ ಚೀಪಿ ಬಿಟ್ಬಿಡ್ತಾಳೆ. ಎಬ್ಬಿಸ್ಲಾ?" ಅಂದಳು. "ಮಲಗಿರೋ ಮಗೂನ ಯಾಕೆ ಎಬ್ಬಿಸ್ತೀಯ? ನೀನೂ ಮಲಗು. ನಾನು ತುಂಬ ದಣಿದಿದ್ದೀನಿ ಕಣೇ, ಸ್ವಲ್ಪ ಸುಮ್ನಿರು" ಅಂದು ಮಗ್ಗುಲಾದಳು ಗಡಿಯಾರದಕ್ಕ.

ಅದರ ಮರುದಿನ ಬೆಳಿಗ್ಗೆ ಹತ್ತಕ್ಕೆ ಗುಬ್ಬಿ ಬಂದಳು. ಹೆರಿಗೆಯಾದವರ ಮನೆಮನೆಗೆ ಹೋಗಿ ನೋಡಿ ಬರುವ ಕೆಲಸ ಆ ವಾರ ಅವಳದ್ದು. ಅಕ್ಕನ ಮನೆಗೆ ಬರಬೇಕಾಗಿಯೇ ಇರಲಿಲ್ಲ, ಉಳಿದವರಾಗಿದ್ದರೆ ಪಟ್ಟಿಯಲ್ಲಿ ಗೀಟು ಹಾಕಿ ಮುಂದೆ ಹೋಗುತ್ತಿದ್ದರು. ಗುಬ್ಬಿ ಬಾಗಿಲಲ್ಲಿ ನಿಂತು, "ಬೈಬೇಡಿ ಅಕ್ಕಾ, ಪಟ್ಟಿಯಲ್ಲಿ ಇತ್ತು, ಬಂದೆ" ಅಂದಳು.

"ಬಾರೇ, ನೋಡು ಎಷ್ಟು ಒಳ್ಳೇ ಮಗು! ಅಳೋದೇ ಇಲ್ಲ" ಅಂದಳು ಗಡಿಯಾರದಕ್ಕ.

ಗುಬ್ಬಿ ಪರದೆ ಸರಿಸಿದಳು. ಕೂಸನ್ನು ಬೆಳಕಿಗೆ ತಂದು ಬಟ್ಟೆ ಬಿಚ್ಚಿದಳು. ಹಣೆ ಒತ್ತಿ ನೋಡಿದಳು, ಎದೆ ಒತ್ತಿ ನೋಡಿದಳು, ಕೊನೆಗೆ ಅಂಗಾಲು ಒತ್ತಿ ನೋಡಿದಳು. ಅಲ್ಲಿಯೂ ಅರಿಸಿನದ ಬಣ್ಣ, ಕಾಮಾಲೆ ಕಾಲಿನವರೆಗೂ ಇಳಿದಿತ್ತು. ಕೂಸಿನ ಕೈ ಎತ್ತಿ ಬಿಟ್ಟಳು, ಅದು ಒದ್ದೆ ಬಟ್ಟೆಯ ಹಾಗೆ ಬಿತ್ತು. ಪಾದ ತಣ್ಣಗಿತ್ತು. ಅಂಗಾಲಿಗೆ ಬೆರಳಿಂದ ಟಪ್ ಟಪ್ ಅಂತ ಹೊಡೆದಳು. ಕೂಸು ಮುಖ ಕಿವುಚಿತು, ದನಿ ಹೊರಡಲಿಲ್ಲ. "ಕೊನೇ ಸಲ ಹಾಲು ಕುಡಿದಿದ್ದು ಎಷ್ಟು ಗಂಟೆಗೆ?" ಅಂತ ಕೇಳಿದಳು.

ಗಡಿಯಾರದಕ್ಕನ ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಗಡಿಯಾರ ಇರಲಿಲ್ಲ. "ಬೆಳಿಗ್ಗೆ ಯಾವಾಗಲೋ..." ಅಂದಳು. ಅಂದದ್ದು ತನ್ನ ಕಿವಿಗೇ ಬಿತ್ತು.

ಮುಂದಿನದೆಲ್ಲ ಗುಬ್ಬಿಯೇ ಮಾಡಿದಳು. ಹಿಮ್ಮಡಿಗೆ ಚುಚ್ಚಿ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಿದಳು, ತೀರಾ ಇಳಿದಿತ್ತು. ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿ ಮೇಲೆ ಹೊದಿಕೆ ಹೊದಿಸಿದಳು, ಹಿಂಡಿದ ಹಾಲನ್ನು ಹನಿಹನಿಯಾಗಿ ಕೆನ್ನೆಯೊಳಕ್ಕೆ ಬಿಟ್ಟಳು, ಫೋನು ಮಾಡಿ ಗಾಡಿ ಕರೆಸಿದಳು. ಗಡಿಯಾರದಕ್ಕ ಗೋಡೆ ಹಿಡಿದು ನಿಂತಿದ್ದಳು. "ಅಕ್ಕಾ, ಚಪ್ಪಲಿ ಹಾಕ್ಕೊಳ್ಳಿ, ಹೊರಡೋಣ" ಅಂತ ಗುಬ್ಬಿ ಎರಡು ಸಲ ಹೇಳಬೇಕಾಯಿತು.

ಕೂಸು ಆರು ದಿನ ನೀಲಿ ದೀಪದ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿತ್ತು. ಮೊದಲ ಎರಡು ದಿನ ಕೈಗೆ ಡ್ರಿಪ್. ಮೂರನೆಯ ದಿನ ಸಣ್ಣಗೆ ಕುಂಯ್‌ಗುಟ್ಟಿತು. ಆರನೆಯ ದಿನ ಡಾಕ್ಟರು, "ಬದುಕಿಕೊಂಡಿದೆ, ಇನ್ನು ಭಯ ಇಲ್ಲ. ಇನ್ನೊಂದು ಹಗಲು ಕಳೆದಿದ್ದರೆ ಈ ಮಾತು ಹೇಳ್ತಿರಲಿಲ್ಲ" ಅಂದರು.

ಮಗಳು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ಫೋನಿನಲ್ಲಿ ಮೂರು ಗಂಟೆಗೊಮ್ಮೆ ಅಲಾರಾಂ ಇಟ್ಟುಕೊಂಡಳು. ಅದು ಬಡಿದಾಗೆಲ್ಲ ತಾನೇ ಏಳುತ್ತಿದ್ದಳು, ತಾನೇ ಎಬ್ಬಿಸುತ್ತಿದ್ದಳು, ತಾನೇ ಬರೆದಿಡುತ್ತಿದ್ದಳು. ಗಡಿಯಾರದಕ್ಕ ಕೈ ಚಾಚಿದರೆ ಮೆತ್ತಗಿನ ದನಿಯಲ್ಲಿ, "ಬೇಡಮ್ಮ, ನೀನು ದಣಿದಿದ್ದೀಯ" ಅನ್ನುತ್ತಿದ್ದಳು. ಅವಳ ಮಾತನ್ನೇ ಅವಳಿಗೆ ತಿರುಗಿಸಿ ಕೊಡುತ್ತಿದ್ದಳು, ಒಂದಿಷ್ಟೂ ದನಿ ಏರಿಸದೆ. ಸಾವಿರಾರು ಕೂಸುಗಳನ್ನು ಹಿಡಿದ ಕೈ ಅದು. ಆಸ್ಪತ್ರೆಯಿಂದ ಬಂದ ಹನ್ನೊಂದು ದಿನದಲ್ಲಿ ಸ್ವಂತ ಮೊಮ್ಮಗಳನ್ನು ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಮತ್ತೆ ಆ ಕೂಸು ತನ್ನ ಕೈಗೆ ಬರುತ್ತದೋ ಇಲ್ಲವೋ ಅನ್ನುವ ಯೋಚನೆಯೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು. ರಜೆ ಮುಗಿದು ಕೆಲಸಕ್ಕೆ ಹೋದಳು. ಗಡಿಯಾರವನ್ನು ಮತ್ತೆ ಎದೆಗೆ ಹಾಕಿಕೊಂಡಳು, ಆದರೆ ಯಾರನ್ನೂ ಗಂಟೆ ಕೇಳಲು ಬಾಯಿ ಬರುತ್ತಿರಲಿಲ್ಲ.

ಕೊನೆಯ ಗುರುವಾರ ಬಂತು. ಶನಿವಾರಕ್ಕೆ ಅವಳ ನಿವೃತ್ತಿ. ಬಟ್ಟೆ ಕೋಣೆಯಲ್ಲಿ ಅಂದು ಜಾಗ ಸಾಲದಷ್ಟು ಜನ. ಬಾಗಿಲ ಹತ್ತಿರ ಗುಬ್ಬಿ ನಿಂತಿದ್ದಳು. ಚೀಟಿ ಬರೆದಿದ್ದ ಸಿಸ್ಟರ್ ಮೂಲೆಯಲ್ಲಿ ತಲೆ ತಗ್ಗಿಸಿಕೊಂಡು ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದಳು. "ಅಕ್ಕಾ, ಪೊರೆ ಮಗು ಕಥೆ ಆಗ್ಲಿ!" ಅಂತ ಯಾರೋ ಕೂಗಿದರು.

ಗಡಿಯಾರದಕ್ಕ ಒಂದು ಕೂಸುಬಟ್ಟೆ ಎತ್ತಿಕೊಂಡಳು. ನಾಲ್ಕು ಮೂಲೆ ಕೂಡಿಸಿದಳು.

"ನಾನು..." ಅಂದಳು. "ನಾನು, ಮೂರೂವರೆ ವಾರ ಮುಂಚೆ ಹುಟ್ಟಿದ ಒಂದು ಮಗೂನ ಎರಡು ದಿನ ನಿದ್ದೆ ಮಾಡೋಕೆ ಬಿಟ್ಟೆ."

ಮಡಿಸುವ ಕೈಗಳು ನಿಂತವು. ನಡೆದದ್ದು ಯಾರಿಗೂ ಗೊತ್ತಿಲ್ಲದ್ದಲ್ಲ, ಕೂಸು ಅವರ ವಾರ್ಡಿನಲ್ಲೇ ಮಲಗಿತ್ತಲ್ಲ. ಆದರೆ ಅದನ್ನು ಅವಳ ಬಾಯಿಂದ ಕೇಳಲು ಯಾರೂ ತಯಾರಿರಲಿಲ್ಲ. ಅವಳು ಎಲ್ಲ ಹೇಳಿದಳು: ತೂಕ, ದಿನ, ಅಂಗಾಲಿನ ಬಣ್ಣ, ಸಕ್ಕರೆ. ಗಂಟೆಗಳನ್ನು ಮಾತ್ರ ಹೇಳಲಾಗಲಿಲ್ಲ, ಯಾಕೆಂದರೆ ನೋಡಿರಲಿಲ್ಲ.

"ಕೇಸ್ ಶೀಟಿನಲ್ಲಿ ಗುಬ್ಬಿ ಬರೆದಿದ್ದಾಳೆ, 'ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದು ಮನೆಯವರು ತಿಳಿಸಿದರು' ಅಂತ. ನನ್ನ ಮರ್ಯಾದೆ ಉಳಿಸೋಕೆ ಹಾಗೆ ಬರೆದ್ಲು. ಮನೆಯವರು ಅಂದ್ರೆ ನಾನು. ತಾಯಿ ಎರಡು ಸಲ ಕೇಳಿದ್ಲು. ಅವಳಿಗೆ ಅನುಮಾನ ಬಂದಿತ್ತು. ಅವಳ ಬಾಯಿ ಮುಚ್ಚಿಸಿದ್ದು ನಾನು."

ಮೂಲೆಯಲ್ಲಿದ್ದ ಸಿಸ್ಟರ್ ಅಳುದನಿಯಲ್ಲಿ, "ನಾನು ಹೇಳಿ ಕಳಿಸ್ಬೇಕಿತ್ತು ಅಕ್ಕಾ, ನಂದೇ ತಪ್ಪು" ಅಂದಳು.

"ನಿಂದು ನಿನ್ನ ಗುರುವಾರ ಹೇಳು. ಇವತ್ತು ನಂದು" ಅಂದಳು ಗಡಿಯಾರದಕ್ಕ. ಯಾರೋ ನಗಲು ಹೋಗಿ ಸುಮ್ಮನಾದರು.

ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವಳು ತರಬೇತಿಗೆ ಬಂದು ಎರಡು ವಾರವಾಗಿದ್ದ ಹುಡುಗಿ. ಪ್ರಶ್ನೆ ಅವಳದ್ದು. ಅವಳು ಪಕ್ಕದವರ ಮುಖ ನೋಡಿದಳು. ನಾಡಿದ್ದು ಮನೆಗೆ ಹೋಗುವವಳಿಗೆ ಮುಂದಿನ ಸಲ ಎಲ್ಲಿಂದ ಬರಬೇಕು?

"ಕೇಳಮ್ಮ, ನಿಯಮ ನನಗೂ ಒಂದೇ" ಅಂದಳು ಗಡಿಯಾರದಕ್ಕ.

"ಮುಂದಿನ ಸಲ... ಏನು ಮಾಡ್ತೀರಿ ಅಕ್ಕಾ?"

"ಎಬ್ಬಿಸ್ತೀನಿ" ಅಂದಳು ಗಡಿಯಾರದಕ್ಕ. "ಯಾರು ಹೆತ್ತಿದ್ದೇ ಆಗ್ಲಿ, ನಾನು ಎಷ್ಟು ದಣಿದಿದ್ದೇ ಆಗ್ಲಿ, ಮುದ್ದು ಮಾಡೋಕೆ ಮುಂಚೆ ಎಬ್ಬಿಸ್ತೀನಿ." ಅಷ್ಟು ಹೇಳಿ ಮಡಿಸಿದ ಬಟ್ಟೆಯನ್ನು ರಾಶಿಯ ಮೇಲಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ಚಪ್ಪಾಳೆ ತಟ್ಟುವ ಸಂದರ್ಭವಾಗಿರಲಿಲ್ಲ, ಯಾರೂ ತಟ್ಟಲಿಲ್ಲ. ಗುಬ್ಬಿ ಬಂದು ಅವಳ ಪಕ್ಕ ಕೂತು ಬಟ್ಟೆಯ ಆ ತುದಿ ಹಿಡಿದಳು. ಇಬ್ಬರೂ ಸೇರಿ ರಾಶಿ ಮುಗಿಯುವವರೆಗೂ ಮಡಿಸಿದರು.

ಮನೆಗೆ ಬಂದಾಗ ಸಂಜೆ ಬಿಸಿಲು ಬಾಗಿಲವರೆಗೆ ಬಂದಿತ್ತು. ಸ್ಟೂಲಿನ ಮೇಲೆ ಕೂತು ಬೂಟು ಬಿಚ್ಚಿದಳು. ಕಾಲು ನೋಡಿಕೊಳ್ಳಲೂ ಮನಸ್ಸಾಗಲಿಲ್ಲ. ಮಗಳು ಒಳಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು, ಪಕ್ಕದಲ್ಲಿ ಕೂಸು ಮಲಗಿತ್ತು. ಮಗಳ ಕಣ್ಣ ಕೆಳಗೂ ಈಗ ಕಪ್ಪು ಕಟ್ಟಿತ್ತು.

"ಕೊನೇ ಗುರುವಾರ ಅಲ್ವಾ? ಪೊರೆ ಮಗು ಕಥೆ ಹೇಳಿದ್ಯಾ?" ಅಂದಳು ಮಗಳು. ಕೇಳಬೇಕಲ್ಲ ಅಂತ ಕೇಳಿದ ಹಾಗಿತ್ತು.

"ಇಲ್ಲ. ನಿನ್ನ ಮಗಳದ್ದು ಹೇಳಿದೆ."

ಮಗಳು ತಲೆಯೆತ್ತಿದಳು. "ಏನಂತ?"

"ನೀನು ಎರಡು ಸಲ ಕೇಳಿದೆ, ನಾನು ನಿನ್ನ ಬಾಯಿ ಮುಚ್ಚಿಸಿದೆ ಅಂತ."

"ಎಲ್ಲರ ಮುಂದೆ?"

"ಎಲ್ಲರ ಮುಂದೆ."

ಮಗಳು ಹಾಲಿನ ಗಂಟೆ ಬರೆಯುವ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು. ಗಡಿಯಾರದಕ್ಕ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬಾ ಅಂತ ಯಾರೂ ಕರೆದಿರಲಿಲ್ಲ. ಕ್ಷಮೆ ಕೇಳೋಣ ಅಂದುಕೊಂಡಳು, ಆ ಮಾತು ತೀರಾ ಚಿಕ್ಕದೆನಿಸಿತು. ಅಷ್ಟರಲ್ಲಿ ಮಂಚದ ಮೇಲಿನ ಫೋನು ಬಡಿದುಕೊಳ್ಳತೊಡಗಿತು. ಮಗಳು ಅಲಾರಾಂ ಆರಿಸಿದಳು. ಏಳಲು ಹೋದಳು. ಮತ್ತೆ ಕೂತಳು.

"ಹಾಲು ಕುಡಿದು ಮೂರು ಗಂಟೆ ಹೊತ್ತಾಯ್ತು" ಅಂದಳು. ಅಮ್ಮನ ಮುಖ ನೋಡದೆ ಸ್ವಲ್ಪ ಸರಿದು ಮಂಚದಲ್ಲಿ ಜಾಗ ಮಾಡಿದಳು. "ನೀನೇ ಎಬ್ಬಿಸಮ್ಮ."

ಗಡಿಯಾರದಕ್ಕ ಹೋಗಿ ಮೊಣಕೈವರೆಗೂ ಕೈ ತೊಳೆದು ಬಂದಳು. ಕೂಸಿನ ಹೊದಿಕೆ ಬಿಚ್ಚಿದಳು, ಅಂಗಿ ಬಿಚ್ಚಿದಳು, ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿದಳು. ಕೂಸು ಮುಖ ಕಿವುಚಿ ಮತ್ತೆ ನಿದ್ದೆಗೆ ಜಾರಲು ನೋಡಿತು. ಅವಳು ಬಿಡಲಿಲ್ಲ. ಅಂಗಾಲಿಗೆ ಬೆರಳಿಂದ ಟಪ್ ಅಂತ ಹೊಡೆದಳು, ಇನ್ನೊಮ್ಮೆ ಹೊಡೆದಳು. ಕೂಸು ಕಾಲು ಒದ್ದಿತು, ಬಾಯಿ ಅಗಲಿಸಿತು, ಮನೆಯೆಲ್ಲ ಕೇಳುವ ಹಾಗೆ ಕಿರುಚಿ ಅಳತೊಡಗಿತು.

"ಎಷ್ಟು ಗಂಟೆ ಬರೀಲಿ?" ಅಂತ ಕೇಳಿದಳು ಮಗಳು.

ಗಡಿಯಾರದಕ್ಕ ಎದೆಯ ಮೇಲಿನ ಗಡಿಯಾರವನ್ನು ಹೆಬ್ಬೆರಳಿನಿಂದ ಎತ್ತಿ ನೋಡಿದಳು. ಕಣ್ಣು ಮಂಜಾಗಿ ಮುಳ್ಳು ಕಾಣಲಿಲ್ಲ. ಒರೆಸಿಕೊಂಡು ಮತ್ತೆ ನೋಡಿ ಗಂಟೆ ಹೇಳಿದಳು.